ಹುಡುಗ ಹೆಂಗಂತೆ?

ಕಣ್ಣು ಸರಿಯಿರುವವನು ಕನ್ನಡಕದಂಗಡಿಗೆ ಬಂದರೆ ನನಗೆ ಅನುಮಾನ ಬರುತ್ತದೆ. ಬರಬೇಕಾದ್ದೇ. ಹೊಟ್ಟೆ ತುಂಬಿದವನು ಹೋಟೆಲಿಗೆ ಹೋಗುತ್ತಾನಾ?

ಅವತ್ತು ಮಧ್ಯಾಹ್ನ ಬಿಸಿಲು ನಮ್ಮ ಮಧುಗಿರಿ ಬೆಟ್ಟದ ಬಂಡೆಗೆ ಬಡಿದು ವಾಪಸ್ಸು ಅಂಗಡಿಯೊಳಕ್ಕೇ ಬರುತ್ತಿತ್ತು. ನಾನು ಫ್ಯಾನಿನ ಕೆಳಗೆ ಫ್ರೇಮ್ ಒರೆಸುತ್ತಾ ಕೂತಿದ್ದೆ. ಬಾಗಿಲಲ್ಲಿ ಒಬ್ಬ ಬಂದು ನಿಂತ. ನನ್ನದೇ ವಯಸ್ಸು, ಮೂವತ್ತರ ಆಚೆ. ಬಿಳಿ ಶರ್ಟಿನ ತೋಳನ್ನು ಮೊಣಕೈವರೆಗೆ ಮಡಚಿದ್ದ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ. ದೇವರು ಇಂಥವರನ್ನೆಲ್ಲ ಗಿರಾಕಿ ಮಾಡಿ ಕಳಿಸಬಾರದು.

"ಕಣ್ಣು ಟೆಸ್ಟ್ ಮಾಡಿಸ್ಬೇಕಿತ್ತು ಸಾರ್."

ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿ ಅಂದೆ. ಕೊನೆಯ ಸಾಲನ್ನೂ ಗಡಗಡ ಓದಿಬಿಟ್ಟ. ಅದರ ಕೆಳಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿದ.

"ನಿಮ್ಮದು ಹದ್ದಿನ ಕಣ್ಣು. ಕನ್ನಡಕ ಯಾತಕ್ಕೆ?"

"ಮೊಬೈಲ್ ನೋಡಿದ್ರೆ ಉರಿಯುತ್ತೆ. ಪವರ್ ಇಲ್ಲದ್ದು ಒಂದು ಹಾಕ್ಕೊಡಿ. ಅಂಗಡಿ ಸ್ವಂತದ್ದಾ?"

"ಬಾಡಿಗೆ."

"ಮನೇಲಿ ಯಾರ್ಯಾರಿದ್ದೀರಿ?"

"ಕಣ್ಣುರಿಗೂ ನಮ್ಮನೆಗೂ ಏನ್ ಸಾರ್ ಸಂಬಂಧ?"

ಅವನು ನಕ್ಕ. ಗುಳಿ ಬಿತ್ತು. ನಾನು ಸ್ಕೇಲು ಹುಡುಕುವ ನೆಪದಲ್ಲಿ ಡ್ರಾಯರ್ ಎಳೆದೆ.

ಕನ್ನಡಕ ಮಾಡಬೇಕಾದರೆ ಒಂದು ಕಣ್ಣಿನ ಪಾಪೆಯಿಂದ ಇನ್ನೊಂದಕ್ಕೆ ಎಷ್ಟು ದೂರ ಅಂತ ಅಳೆಯಬೇಕು. ಮೂಗಿನ ಮೇಲೆ ಸ್ಕೇಲು ಹಿಡಿದು, "ನನ್ನ ಕಣ್ಣನ್ನೇ ನೋಡಿ" ಅನ್ನಬೇಕು. ಊರಿಗೆಲ್ಲ ಅಂದಿದ್ದೇನೆ, ಯಾವತ್ತೂ ಏನೂ ಆಗಿಲ್ಲ. ಅವನು ನೋಡಿದ. ಬೆಲ್ಲದ ಬಣ್ಣದ ಕಣ್ಣು. ಒಂದು ಸಲ ನೋಡಿ ಕೆಳಗಿಳಿಸಿದ, ಮತ್ತೆ ಎತ್ತಿದ, ಆಮೇಲೆ ರೆಪ್ಪೆಯನ್ನೇ ಬಡಿಯಲಿಲ್ಲ. ಸ್ಕೇಲು ನನ್ನ ಬೆರಳಿಂದ ಜಾರಿತು.

"ಕೈ ಯಾಕೆ ನಡುಗ್ತಿದೆ ಸಾರ್?"

"ಊಟ ಆಗಿಲ್ಲ."

ಶುದ್ಧ ಸುಳ್ಳು. ಮುದ್ದೆ ಉಂಡು ತೇಗಿಯೂ ಆಗಿತ್ತು.

ಹೆಸರು ಪ್ರಸನ್ನ ಕುಮಾರ್ ಅಂದ. ಮನೆ ಸಿರಾದಲ್ಲಿ, ಕೆಲಸ ಹುಲಿಕುಂಟೆಯ ದನದ ಆಸ್ಪತ್ರೆಯಲ್ಲಿ. ಅವನು ಹೋದ ಮೇಲೆ ಯೋಚಿಸಿದೆ. ಸಿರಾದಲ್ಲಿ ಕನ್ನಡಕದಂಗಡಿಗೆ ಬರವಾ? ಬಸ್ಸು ಹತ್ತಿ, ಬಡವನಹಳ್ಳಿ ದಾಟಿ, ಪವರ್ ಇಲ್ಲದ ಗಾಜಿಗೆ ಇಲ್ಲಿತನಕ ಬರುವಂಥ ಕರ್ಮ ಏನು?

ನನ್ನ ಸಂಶಯಕ್ಕೆ ಕಾರಣವಿದೆ. ನಾನು ಗಂಡಸರನ್ನು ಇಷ್ಟಪಡುವ ಗಂಡಸು. ಇದು ನನಗೆ ಗೊತ್ತು, ತುಮಕೂರಿನ ಕೆಲವು ಸ್ನೇಹಿತರಿಗೆ ಗೊತ್ತು, ಅಮ್ಮನಿಗೂ ಊರಿಗೂ ಗೊತ್ತಿಲ್ಲ. ಬಿಡುವಾದಾಗ ನಾವು ಸ್ನೇಹಿತರೆಲ್ಲ ಸೇರಿ ಒಂದು ಸಿನಿಮಾ ನೋಡುತ್ತೇವೆ, ದೋಸೆ ತಿನ್ನುತ್ತೇವೆ, ಕೊರಟಗೆರೆಯ ಸಿದ್ಧರಬೆಟ್ಟ ಹತ್ತಿ ಗಂಟಲು ಬಿಟ್ಟು ಹಾಡುತ್ತೇವೆ. ಅಲ್ಲಿ ನನ್ನ ನಗುವೇ ಬೇರೆ. ಹೋದ ವರ್ಷ ನಮ್ಮಲ್ಲೊಬ್ಬನಿಗೆ ಡೇಟಿಂಗ್ ಆ್ಯಪಿನಲ್ಲಿ ಒಬ್ಬ ಗಂಟುಬಿದ್ದ. ಚೆನ್ನಾಗಿ ಮಾತಾಡಿ, ಫೋಟೋ ತೆಗೆದುಕೊಂಡು, ಮನೆಯವರಿಗೆ ಕಳಿಸ್ತೀನಿ ಅಂತ ದುಡ್ಡಿಗೆ ಕಾಡಿದ. ಪಾಪ, ನಮ್ಮವನು ಊರೇ ಬಿಟ್ಟ.

ಆ ಗುಂಪಿನ ಚಿಕ್ಕರಾಜುಗೆ ಫೋನ್ ಮಾಡಿದೆ.

"ಲೇ ಅಂಬರೀಶ, ಕಣ್ಣು ನೆಟ್ಟಗಿರೋನು ಕನ್ನಡಕ ಕೇಳ್ತಾನೆ ಅಂದ್ರೆ ಅವ್ನು ಅದೇ ಪಾರ್ಟಿ ಕಣ್ಲಾ. ನೋಡಾಕೆ ಹೆಂಗವ್ನೆ?"

"ಚೆನ್ನಾಗವ್ನೆ."

"ಹಂಗಾರೆ ಗ್ಯಾರಂಟಿ. ಚೆನ್ನಾಗಿರೋರು ಸುಮ್ ಸುಮ್ನೆ ನಮ್ ತಾವ ಯಾಕ್ಲಾ ಬತ್ತಾರೆ?"

ಭಾನುವಾರ ಬೆಳಿಗ್ಗೆ ನಾವೊಂದಷ್ಟು ಜನ ಊರಿನ ಹಳೇ ಕಲ್ಯಾಣಿ ಶುಚಿ ಮಾಡುತ್ತೇವೆ. ಅಂಗಡಿಯವರು, ಮೇಷ್ಟ್ರುಗಳು, ಕಾಲೇಜು ಹುಡುಗಿಯರು. ಪುರಸಭೆಗೆ ಅಲೆದು ಅಲೆದು ಅಲ್ಲಿಗೆ ದೀಪ ಹಾಕಿಸಿದ್ದೂ ನಾವೇ. ಮದುವೆಯಾಗದ ಗಂಡಸಿಗೆ ಊರಲ್ಲಿ ಒಂದು ಜಾಗ ಬೇಕಲ್ಲ, ನನಗೆ ಸಿಕ್ಕಿದ್ದು ಆ ಮೆಟ್ಟಿಲು. ಅಲ್ಲಿ ಯಾರೂ ನನ್ನನ್ನು ಯಾಕೆ ಒಂಟಿ ಅಂತ ಕೇಳುವುದಿಲ್ಲ, ಪೊರಕೆ ಕೊಡು ಅನ್ನುತ್ತಾರೆ.

ಅಲ್ಲಿಗೂ ಬಂದ. ಪ್ಯಾಂಟು ಮಡಚಿಕೊಂಡು ನೇರ ಹೂಳಿಗಿಳಿದ.

"ನೀವೇನ್ ಇಲ್ಲಿ?" ಅಂದೆ.

"ಕನ್ನಡಕ ಈಸ್ಕೊಂಡೋಗೋಕೆ ಬಂದೆ. ಅಂಗಡಿ ಬಾಗಿಲು ಹಾಕಿತ್ತು. ಇಲ್ಲಿದ್ದೀರಿ ಅಂದ್ರು."

"ಭಾನುವಾರ ರಜಾ ಅಂತ ಬೋರ್ಡೇ ಇದೆ."

"ನನಗೆ ಓದೋಕೆ ಬರುತ್ತಾ? ಕಣ್ಣು ಸರಿಗಿಲ್ಲ."

ಪಕ್ಕದಲ್ಲಿದ್ದ ಹುಡುಗಿಯರು ಕಿಸಕ್ಕೆಂದರು. ನಾನು ಮುಖ ಗಂಟಿಕ್ಕಿಕೊಂಡು ಬಕೆಟ್ ಅವನ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅವನು ಮೊಬೈಲ್ ಹಿಡಿದಿದ್ದು ಕಂಡಿತು. ಹೋಗಿ ಕಿತ್ತುಕೊಂಡೆ.

"ಫೋಟೋ ಯಾತಕ್ಕೆ?"

"ನೋಡಿ, ನಿಮ್ದು ತೆಗೆದಿಲ್ಲ. ಬರೀ ನೀರು."

ಹೌದು, ಫೋಟೋದಲ್ಲಿ ನೀರಿತ್ತು. ನೀರಿನೊಳಗೆ ತಲೆಕೆಳಗಾಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ನಾನು ನಿಂತಿದ್ದೆ.

ಕೆಲಸ ಮುಗಿದು ಅವನು ಹೋದ ಮೇಲೆ, ಕಲ್ಯಾಣಿ ಪಕ್ಕದ ಟೀ ಅಂಗಡಿಯ ಮಾರಕ್ಕ ನನ್ನನ್ನು ಕರೆದಳು. "ಅಂಬರೀಶಣ್ಣ, ಆ ಸಿರಾದೋರು ನಿನ್ ವಿಚಾರ ಕೇಳ್ತಿದ್ರು ಕಣಪ್ಪ. ಕುಡೀತಾರಾ, ಇಸ್ಪೀಟ್ ಆಡ್ತಾರಾ, ಹೆಂಗಸ್ರ ಸಾವಾಸ ಐತಾ ಅಂತ. ಎಲ್ಲೀದು ಸಂಬಂಧ? ಹೋಳಿಗೆ ಊಟ ಯಾವಾಗ?"

ಥತ್ತೇರಿಕೆ! ಆಗ ಹೊಳೆಯಿತು.

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಸದ್ದಿಲ್ಲದೆ ಒಬ್ಬರನ್ನು ಕಳಿಸುತ್ತಾರೆ. ಆ ಮನುಷ್ಯ ಗಂಡಿನ ಊರಲ್ಲಿ ಟೀ ಕುಡಿಯುತ್ತಾನೆ, ಗಡ್ಡ ಮಾಡಿಸಿಕೊಳ್ಳುತ್ತಾನೆ, ಹುಡುಗ ಹೆಂಗೆ ಅಂತ ನಾಲ್ಕು ಕಡೆ ವಿಚಾರಿಸಿಕೊಂಡು ಹೋಗಿ ಒಪ್ಪಿಸುತ್ತಾನೆ. ನನ್ನ ಸೋದರಮಾವ ಗಂಗಾಧರಯ್ಯ ಹುಲಿಕುಂಟೆ ಕಡೆಯ ಒಂದು ಹುಡುಗಿಯ ಫೋಟೋ ತಂದುಕೊಟ್ಟು ಹೋಗಿದ್ದರು. ರಾಧಾಮಣಿ ಅಂತ, ಟೀಚರು. ಅಮ್ಮ ಆ ಫೋಟೋವನ್ನು ದೇವರ ಗೂಡಿನಲ್ಲಿಟ್ಟಿದ್ದಳು. ನಾನು ಇವತ್ತು ನಾಳೆ ಅಂತ ದೂಡುತ್ತಿದ್ದೆ. ಇವನು ಆ ಕಡೆಯ ಗೂಢಚಾರ.

ಸದ್ಯ, ಬ್ಲ್ಯಾಕ್‌ಮೇಲ್ ಪಾರ್ಟಿಯಲ್ಲ ಅಂತ ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ಗುಳಿ ಬರೀ ಡ್ಯೂಟಿ ಮೇಲೆ ಬಂದಿದ್ದಾ? ಮನೆಗೆ ಹೋಗಿ ಅಮ್ಮ ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟೆ.

ಆಮೇಲೂ ಭಾನುವಾರ ಭಾನುವಾರ ಬಂದ. ಪವರ್ ಇಲ್ಲದ ಕನ್ನಡಕ ಹಾಕಿಕೊಂಡು, ಅದರ ಮೇಲಿನಿಂದ ನನ್ನನ್ನು ನೋಡಿಕೊಂಡು. ಎಷ್ಟು ವಿಚಾರಿಸುತ್ತಾನಪ್ಪ ಇವನು! ಒಂದು ಎತ್ತು ಕೊಳ್ಳುವವನು ಕೂಡ ಹಲ್ಲು ನೋಡಿ ಸುಮ್ಮನಾಗುತ್ತಾನೆ.

ನಾನೇ ಈ ಸಂಬಂಧ ಕೆಡಿಸಬೇಕು ಅಂತ ತೀರ್ಮಾನಿಸಿದೆ. ಹುಡುಗ ಸರಿಯಿಲ್ಲ ಅಂತ ಇವನ ಕಣ್ಣಿಗೇ ಬಿದ್ದರೆ ಮದುವೆ ತಪ್ಪುತ್ತದೆ, ಆ ಹೆಣ್ಣುಮಗಳ ಬಾಳೂ ಉಳಿಯುತ್ತದೆ. ಅವನು, "ಮೈದನಹಳ್ಳಿಗೆ ಹೋಗಿ ಕೃಷ್ಣಮೃಗ ನೋಡ್ಕೊಂಡು ಬರೋಣ್ವಾ?" ಅಂದಾಗ ಅದಕ್ಕೇ ಒಪ್ಪಿಕೊಂಡೆ. ಬರೀ ಅದಕ್ಕೇ ಅಂದರೆ ನೀವೂ ನಂಬುವುದಿಲ್ಲ ಬಿಡಿ.

ಅವನ ಬೈಕಿನ ಹಿಂದೆ ಕೂತು ಹೋದೆ. ಹುಲ್ಲುಗಾವಲಿನಲ್ಲಿ ಜಿಂಕೆಗಳು ಒಂದರ ಹಿಂದೊಂದು ಗಾಳಿಗೆ ಹಾರಿ ಹಾರಿ ಓಡಿದವು. ನಾನು ಅವನ್ನು ನೋಡಿದೆ. ಅವನು ನನ್ನನ್ನು ನೋಡುತ್ತಿದ್ದಾನೆ ಅಂತ ಕೆನ್ನೆಗೆ ಗೊತ್ತಾಗುತ್ತಿತ್ತು.

"ಜಿಂಕೆ ಆ ಕಡೆ ಇರೋದು," ಅಂದೆ.

"ಗೊತ್ತು," ಅಂದ.

ವಾಪಸ್ಸು ಬರುವಾಗ ಡಾಬಾದಲ್ಲಿ ನಾನು ಗಟ್ಟಿಯಾಗಿ ಬಿಯರ್ ಹೇಳಿದೆ. ಜನ್ಮದಲ್ಲಿ ಮುಟ್ಟಿದವನಲ್ಲ. ಒಂದು ಗುಟುಕಿಗೇ ಕಹಿ ಗಂಟಲಿಗೆ ಹತ್ತಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

"ಮೊದಲ್ನೇ ಸಲಾನಾ?"

"ದಿನಾ ಕುಡೀತೀನಿ. ಹೋಗಿ ನಿಮ್ಮೋರಿಗೆ ಹೇಳಿ."

ಅವನ ಮುಖ ಒಂದು ಕ್ಷಣ ಬಿಳುಚಿತು. ನನ್ನ ಗ್ಲಾಸನ್ನು ತನ್ನ ಕಡೆ ಎಳೆದುಕೊಂಡು ಮಜ್ಜಿಗೆ ತರಿಸಿಟ್ಟ. ಕರ್ಚೀಫು ತೆಗೆದು ನನ್ನ ಮೀಸೆಯ ನೊರೆ ಒರೆಸಲು ಕೈ ಎತ್ತಿದವನು, ಪಕ್ಕದ ಟೇಬಲ್ಲಿನವರನ್ನು ನೋಡಿ ಕರ್ಚೀಫನ್ನು ನನ್ನ ಕೈಗೇ ಕೊಟ್ಟ. ಅದರಲ್ಲಿ ಡೆಟಾಲಿನ ವಾಸನೆ ಇತ್ತು. ನಾನು ಅದನ್ನು ವಾಪಸ್ಸು ಕೊಡಲಿಲ್ಲ.

ಮಾರನೇ ದಿನ ಮನೆಗೆ ಬಂದರೆ ಅಮ್ಮ ಚಿಕ್ಕಲಕ್ಷ್ಮಮ್ಮ ಒಲೆ ಹಚ್ಚದೆ ಕೂತಿದ್ದಳು.

"ಹುಲಿಕುಂಟೆಯೋರು ಬ್ಯಾಡ ಅಂದ್ಬುಟ್ರಂತೆ ಕಣಪ್ಪ. ನೀನು ಕುಡೀತೀಯಂತೆ. ನನ್ ಮಗ ಕುಡೀತಾನಂತೆ! ಯಾವ ಬಾಯಲ್ಲಿ ಹೇಳುದ್ನೋ ಆ ಪಾಪಿ!"

ನನಗೆ ಬೇಕಾಗಿದ್ದೇ ಆಗಿತ್ತು. ಆದರೂ ಸಿಟ್ಟು ನೆತ್ತಿಗೇರಿತು. ಮಜ್ಜಿಗೆ ಕುಡಿಸಿ, ಕರ್ಚೀಫು ಕೊಟ್ಟು, ರಾತ್ರೋರಾತ್ರಿ ಹೋಗಿ ಒಪ್ಪಿಸಿಬಿಟ್ಟನಲ್ಲ!

"ನಿನ್ನೆ ಹೇಳಿದ್ರಾ ಅಮ್ಮ?"

"ನಿನ್ನೆ ಎಲ್ಲಿ? ಆ ದನದ ಡಾಕ್ಟ್ರು ನಿನ್ ಅಂಗ್ಡಿಗೆ ಬಂದೋದ ಮಾರನೇ ದಿನವೇ ಹೇಳವ್ರೆ. ನಾನು ನೊಂದ್ಕೋತೀನಿ ಅಂತ ನಿಮ್ಮಾವ ಇಷ್ಟ್ ದಿನ ಬಾಯ್ ಬುಟ್ಟಿರ್ಲಿಲ್ಲ."

ಲೆಕ್ಕ ಹಾಕಿದೆ. ಡಾಬಾಕ್ಕೂ ಮುಂಚೆ, ಕಲ್ಯಾಣಿಗೂ ಮುಂಚೆ. ಅವನ ಕೆಲಸ ಮೊದಲ ದಿನವೇ ಮುಗಿದಿತ್ತು. ಹಾಗಾದರೆ ಅಷ್ಟೂ ಭಾನುವಾರ ಯಾತಕ್ಕೆ ಬಂದ?

ಮುಂದಿನ ಭಾನುವಾರ ಬೇರೆಯವರು ಬರುವ ಮುಂಚೆಯೇ ಹೋಗಿ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತೆ. ಅವನು ಬಂದ. ನನ್ನ ಮುಖ ನೋಡಿ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ.

"ಗೊತ್ತಾಯ್ತಾ?" ಅಂದ.

"ನಾನು ಕುಡುಕನಾ?"

"ರಾಧಾಮಣಿ ನಮ್ಮ ಚಿಕ್ಕಪ್ಪನ ಮಗಳು. ವಿಚಾರಿಸ್ಕೊಂಡು ಬಾ ಅಂತ ಕಳಿಸಿದ್ರು. ಕಣ್ಣು ಅಳೀವಾಗ ನಿಮ್ಮ ಕೈ ನಡುಗ್ತು. ನನ್ನ ಉಸಿರೂ ನಿಂತೋಗಿತ್ತು, ನೀವು ಗಮನಿಸ್ಲಿಲ್ಲ. ನನಗೆ ಆಗ್ಲೇ ಗೊತ್ತಾಯ್ತು."

"ಗೊತ್ತಾದ್ರೆ? ನನ್ನ ಮಾನ ತೆಗೀಬೇಕಿತ್ತಾ? ಅಮ್ಮ ಎಷ್ಟು ಅತ್ತಳು ಗೊತ್ತಾ?"

"ಏನ್ ಹೇಳ್ಲಿ ಅಂಬರೀಶ್?" ಮೊದಲ ಸಲ ಹೆಸರು ಹಿಡಿದು ಕರೆದ. "ಹುಡುಗ ಬಂಗಾರ ಅಂದಿದ್ರೆ ಆಷಾಢದೊಳಗೆ ತಾಳಿ ಕಟ್ಟಿಸ್ತಿದ್ರು. ನಿಜ ಹೇಳಿದ್ರೆ ನೀನು ಊರಲ್ಲಿ ಉಳೀತಿರ್ಲಿಲ್ಲ. ಕುಡೀತಾನೆ ಅಂದ್ರೆ ಜನ ಬೈದು ಸುಮ್ನಾಗ್ತಾರೆ. ನನ್ನ ತಂಗೀನೂ ಉಳೀಲಿ, ನೀನೂ ಉಳೀಲಿ ಅಂತ ಹೇಳ್ದೆ. ಅಮ್ಮನ ವಿಷಯದಲ್ಲಿ ತಪ್ಪಾಯ್ತು. ಕಾಲು ಹಿಡೀತೀನಿ ಬೇಕಾದ್ರೆ."

ನನ್ನ ಸಿಟ್ಟು ಇಳಿಯಿತು. ಆದರೂ ಸಂಶಯ ಸುಮ್ಮನಿರುತ್ತಾ?

"ಒಪ್ಪಿಸಿಯಾದ ಮೇಲೂ ಮಾರಕ್ಕನ ಹತ್ರ ಕೇಳಿದ್ದೆಯಲ್ಲ? ಕುಡೀತಾನಾ, ಹೆಂಗಸರ ಸಹವಾಸ ಇದೆಯಾ ಅಂತ? ಅದ್ಯಾರಿಗೆ?"

ಅವನು ನೀರು ನೋಡಿದ, ಮೆಟ್ಟಿಲು ನೋಡಿದ, ಕಡೆಗೆ ನನ್ನ ಕಣ್ಣು ನೋಡಿದ.

"ಅದು ನನಗೆ ಕಣೋ."

ನಾನು ಮೆಟ್ಟಿಲ ಮೇಲೆ ಸರಿದು ಜಾಗ ಬಿಟ್ಟೆ, ಅವನು ಪಕ್ಕದಲ್ಲಿ ಕೂತ.

"ಮಾರಕ್ಕ ಏನಂದ್ಲು?"

"ಅಯ್ಯೋ, ಅವ್ನು ಹೆಣ್ಮಕ್ಳ ಕಡೆ ತಲೆ ಎತ್ತೂ ನೋಡಲ್ಲ ಅಂದ್ಲು. ಅವತ್ತಿನ ಟೀ ಎಷ್ಟು ಚೆನ್ನಾಗಿತ್ತು ಗೊತ್ತಾ?"

ನಗು ಬಂತು, ಅಳುವೂ ಬಂತು. ಎರಡನ್ನೂ ಅದೇ ಕರ್ಚೀಫಿನಲ್ಲಿ ಒರೆಸಿಕೊಂಡೆ. ಮೇಲೆ ಕಾಲೇಜು ಹುಡುಗಿಯರ ದನಿ ಕೇಳಿಸಿತು. ಅವನು ಎದ್ದು ಬಕೆಟ್ ತೆಗೆದುಕೊಂಡ.

"ನಿನ್ನನ್ನ ಹೆಂಗೆ ನಂಬೋದು?" ಅಂದೆ.

"ನಂಬ್ಬೇಡ. ನಮ್ಮೂರಿಗೆ ಬಂದು ವಿಚಾರಿಸು. ನಾನೂ ವಿಚಾರಿಸಿಲ್ವಾ?"

ಆ ವಾರವೇ ಅಂಗಡಿಗೆ ಬೀಗ ಹಾಕಿ ಹೊರಟೆ. ಅಮ್ಮ ಬಾಗಿಲಲ್ಲಿ ಕೇಳಿದಳು, ಎಲ್ಲಿಗೆ ಅಂತ.

"ಸಿರಾಕ್ಕೆ. ಒಂದು ಸಂಬಂಧ ವಿಚಾರಿಸ್ಬೇಕು. ಅಮ್ಮ, ನಾನು ಕುಡಿಯಲ್ಲ. ಯಾಕೆ ಹಂಗಂದ್ರು ಅಂತ ಬಂದು ಎಲ್ಲಾ ಹೇಳ್ತೀನಿ. ನೀನು ಕೂತ್ಕೊಂಡು ಕೇಳ್ಬೇಕು."

ಅಮ್ಮ ನನ್ನ ಮುಖವನ್ನೇ ನೋಡಿದಳು. "ಕೇಳ್ತೀನಿ, ಹೋಗ್ಬುಟ್ಟು ಬಾ," ಅಂದಳು.

ಸಿರಾ ಬಸ್ ಸ್ಟ್ಯಾಂಡಿನ ಹಿಂದೆ ಪರ್ವತಯ್ಯನ ಟೀ ಅಂಗಡಿ. ಪ್ರಸನ್ನನ ಮನೆ ಇರುವ ಬೀದಿಯ ತುದಿ ಅದು. ಟೀ ಹಿಡಿದು ಮೆಲ್ಲಗೆ ಶುರು ಮಾಡಿದೆ.

"ಇಲ್ಲಿ ಪ್ರಸನ್ನ ಕುಮಾರ್ ಅಂತ, ದನದ ಡಾಕ್ಟ್ರು. ಹುಡುಗ ಹೆಂಗೆ?"

ಪರ್ವತಯ್ಯ ಸೋಸುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹೆಣ್ ಕೊಡೋರಾ?"

"ಹೂಂ, ಹತ್ತಿರದವರು."

"ಹುಡ್ಗ ಅಪರಂಜಿ ಕಣಣ್ಣ. ಅರ್ಧರಾತ್ರೀಲಿ ಹಸು ಈಯ್ತದೆ ಅಂದ್ರೂ ಓಡೋಯ್ತಾನೆ. ಬೀಡಿ ಇಲ್ಲ, ಬ್ರಾಂದಿ ಇಲ್ಲ. ಆದ್ರೆ..." ಅವನು ಬಗ್ಗಿ ದನಿ ತಗ್ಗಿಸಿದ. "ಒಂದ್ ವಿಷ್ಯ. ಮುಚ್ಚಿಟ್ರೆ ಪಾಪ ಬತ್ತದೆ. ಭಾನ್ವಾರ ಬಂದ್ರೆ ಊರಲ್ಲಿ ನಿಲ್ಲಕ್ಕಿಲ್ಲ. ತಲೆ ಬಾಚ್ಕೊಂಡು, ಅದೊಂದ್ ಕನ್ನಡ್ಕ ಏರಿಸ್ಕೊಂಡು ಮಧುಗಿರಿಗೆ ಹೋಗೋದೇ. ಅಲ್ಲಿ ಯಾರ್ನೋ ಮನಸಿಗೆ ಅಂಟಿಸ್ಕೊಂಡವ್ನೆ ಅಂತ ನಮ್ಗೆ ಅನುಮಾನ."

ಬಿಸಿ ಲೋಟ ನನ್ನ ಕೈ ಸುಡುತ್ತಿತ್ತು. ಕೆಳಗಿಡಲು ಮನಸ್ಸಾಗಲಿಲ್ಲ.

"ನೀವೂ ಆ ಕಡೆಯೋರೇ ಕಾಣ್ತೀರಿ. ಆ ಮಧುಗಿರಿಯೋರು ಹೆಂಗಂತೆ, ಒಳ್ಳೇರಾ?"

"ಒಳ್ಳೆಯವ್ರೇ. ಸ್ವಲ್ಪ ಸಂಶಯ ಜಾಸ್ತಿ ಅಂತೆ. ಈಗ ಕಮ್ಮಿಯಾಗಿದೆಯಂತೆ."

ಬೀದಿಯ ಆ ತುದಿಯಿಂದ ಬೈಕು ತಳ್ಳಿಕೊಂಡು ಪ್ರಸನ್ನ ಬರುತ್ತಿದ್ದ. ನನ್ನನ್ನು ಕಂಡು ನಿಂತ. ಎಡಗೆನ್ನೆಯಲ್ಲಿ ಮೆಲ್ಲಗೆ ಗುಳಿ ಬಿತ್ತು.

"ಪರ್ವತಣ್ಣ," ಅಂದೆ, "ಇನ್ನೊಂದು ಟೀ ಹಾಕಿ. ನಮಗೆ ಹುಡುಗ ಒಪ್ಪಿಗೆ."