ಎರ್ರಮ್ಮ ಕೇಳಿದ ಹೆಸರು

2006ರ ಸೆಪ್ಟೆಂಬರ್ ಕೊನೆಯ ಶುಕ್ರವಾರ. ಮೊಳಕಾಲ್ಮೂರಿನ ನೇಕಾರರ ಸಂಘವೊಂದರ ಕಾರ್ಯದರ್ಶಿ ಕೃಷ್ಣಕುಮಾರ್ ಬೆಳಿಗ್ಗೆಯೇ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಕಚೇರಿಯ ಹಳೆಯ ಕಂಪ್ಯೂಟರ್ ಕಳವಾಗಿತ್ತು. ಸಬ್ ಇನ್ಸ್‌ಪೆಕ್ಟರ್ ಜಂಬುಲಿಂಗಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಪಾಲಣ್ಣನೊಂದಿಗೆ ಸ್ಥಳ ಪಂಚನಾಮೆಗೆ ಹೊರಟರು.

ಬೀಗ ಒಡೆದಿರಲಿಲ್ಲ. ಪಕ್ಕದಲ್ಲೇ ಇದ್ದ ಹೊಸ ಕಂಪ್ಯೂಟರ್ ಇದ್ದಲ್ಲೇ ಇತ್ತು.

"ಎಂಥಾ ದಡ್ಡ ಕಳ್ಳ ಸಾರ್ ಇವ್ನು," ಎಂದ ಪಾಲಣ್ಣ.

"ಬೀಗದ ಕೈ ಯಾರತ್ರ ಐತೆ?" ಜಂಬುಲಿಂಗಪ್ಪ ಕಾರ್ಯದರ್ಶಿಯನ್ನು ಕೇಳಿದರು.

"ನನ್ನತ್ರ ಒಂದು, ಆಪರೇಟರ್ ಇಫ್ತಿಕಾರ್ ಹತ್ರ ಒಂದು. ಅವನು ರಜಾ ಹಾಕ್ಯಾನೆ."

"ಹಳೇದ್ರಾಗೆ ಏನಿತ್ತು?"

"ಏನಿಲ್ಲ ಸಾರ್, ಕೆಟ್ಟು ಕುಂತಿತ್ತು. ಗುಜರಿಗೆ ಹಾಕೋದಿತ್ತು."

ಇಫ್ತಿಕಾರ್ ಚಳ್ಳಕೆರೆಯ ಮಾವನ ಮನೆಗೆ ಹೋಗಿದ್ದಾನೆಂದು ಅವನ ಮನೆಯವರು ಹೇಳಿದರು. ಮಧ್ಯಾಹ್ನ ಜೀಪು ಅಲ್ಲಿಗೆ ಮುಟ್ಟಿತು. ಇಫ್ತಿಕಾರನ ಮಾವ ವಲಿಸಾಬರ ಮೆಕ್ಯಾನಿಕ್ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಕದ್ದ ಕಂಪ್ಯೂಟರ್ ರಿಪೇರಿಯಾಗಿ ಚಾಲೂ ಆಗಿತ್ತು. ಅದರ ಮುಂದೆ ಇಫ್ತಿಕಾರ್ ಕುಳಿತಿದ್ದ. ಓಡುವ ಯೋಚನೆಯೂ ಅವನಿಗೆ ಬಂದಂತಿರಲಿಲ್ಲ.

"ಇದನ್ನ ಯಾಕೆ ಎತ್ಕಂಡು ಬಂದೆ?" ಜಂಬುಲಿಂಗಪ್ಪ ಕೇಳಿದರು.

"ಹೆಸರು ಸರಿ ಮಾಡೋಕೆ ಸಾರ್."

ನೇಕಾರರ ಆರೋಗ್ಯ ಕಾರ್ಡಿಗಾಗಿ ಅವನು ಹಳೆಯ ಕಂಪ್ಯೂಟರಿನ ಹೆಸರಿನ ಪಟ್ಟಿಗಳನ್ನು ಹೊಸ ಡೇಟಾಬೇಸಿಗೆ ಹಾಕಿದ್ದ. ಹಳೆಯ ಫಾಂಟಿನ ಕನ್ನಡ ಅಕ್ಷರಗಳನ್ನು ಮೊದಲು ಯೂನಿಕೋಡಿಗೆ ತಿರುಗಿಸಿ ಆಮೇಲೆ ಬರೆಸಬೇಕಿತ್ತು. ಅವನು ನೇರವಾಗಿ ಸುರಿದಿದ್ದ. ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ, ಕಾರ್ಡುಗಳೂ ಹಾಗೆಯೇ ಅಚ್ಚಾಗಿ ಬಂದವು. ಕೈಯಲ್ಲಿ ತಿದ್ದಿದರೆ ವಿಮೆಯವರು ಒಪ್ಪುತ್ತಿರಲಿಲ್ಲ. ಸರಿಯಾದ ಹೆಸರು ಉಳಿದಿದ್ದು ಆ ಕೆಟ್ಟ ಪೆಟ್ಟಿಗೆಯಲ್ಲಿ ಮಾತ್ರ.

"ಕಾರ್ಯದರ್ಶಿಗೆ ಹೇಳ್ಲಿಲ್ವಾ?"

"ಹೇಳ್ದೆ. ಮುಂದಿನ ವರ್ಷ ನೋಡಾಣ ಅಂದ್ರು. ನಮ್ ಸಂಘದಾಗೆ ನೇಯೋ ಎರ್ರಮ್ಮನ ಯಜಮಾನ್ರಿಗೆ ಕಿಡ್ನಿ ಆಪರೇಷನ್ ಆಗ್ಬೇಕು ಸಾರ್. ಕಾರ್ಡ್ನಾಗೆ ಹೆಸರಿಲ್ಲ ಅಂತ ಆಸ್ಪತ್ರೆಯವ್ರು ವಾಪಸ್ ಕಳ್ಸವ್ರೆ. ಆಯಮ್ಮ ನಮ್ಮನೆಗೆ ಬಂದ್ರು. ಬೈಲಿಲ್ಲ ಸಾರ್, ಕಾರ್ಡು ನನ್ನ ಕೈಗಿಟ್ಟು ಹೋದ್ರು." ಅವನು ಪರದೆಯತ್ತ ಕೈ ತೋರಿಸಿದ. "ಇದು ಈಗ ಹಳೇ ಹೆಸರು ಓದ್ತಾ ಐತೆ. ಒಂದು ತಾಸು ಬಿಡಿ ಸಾರ್."

ಜಂಬುಲಿಂಗಪ್ಪನವರಿಗೆ ಬಿಡಬೇಕೆಂದೇ ಅನಿಸಿತು. ಆದರೆ ಜಪ್ತಿಗೆ ಸಾಕ್ಷಿಯಾಗಿ ಕರೆಸಿದ್ದ ಪಂಚರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಸಿಕ್ಕ ಸ್ವತ್ತನ್ನು ಸಿಕ್ಕ ಸ್ಥಿತಿಯಲ್ಲೇ ಜಪ್ತಿ ಮಾಡಬೇಕು. ಅವರು ಕಣ್ಣಲ್ಲೇ ಸನ್ನೆ ಮಾಡಿದರು. ಪಾಲಣ್ಣ ವೈರು ಕಿತ್ತ. ಪೆಟ್ಟಿಗೆಗೆ ಬಟ್ಟೆ ಸುತ್ತಿ, ಅರಗು ಹಾಕಿ ಮೊಹರು ಒತ್ತಿದರು.

ವಿಷಯ ತಿಳಿದ ಕೃಷ್ಣಕುಮಾರ್ ಸಂಜೆ ಓಡಿ ಬಂದು ದೂರು ವಾಪಸ್ ಕೊಡಿ ಎಂದರು. ಅಷ್ಟು ಹೊತ್ತಿಗೆ ಎಫ್‌ಐಆರ್ ಕೋರ್ಟು ಸೇರಿತ್ತು. ಇನ್ನು ಪೆಟ್ಟಿಗೆ ಬಿಡಿಸಲು ಅರ್ಜಿ ಹಾಕಬೇಕು, ಕೋರ್ಟಿಗೆ ನಾಳೆಯಿಂದ ದಸರಾ ರಜೆ.

ಮರುದಿನ ಆರೋಪಿಯನ್ನು ರಜೆಯಲ್ಲೂ ರಿಮಾಂಡ್ ನೋಡುವ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಮೊದಲು ಎರ್ರಮ್ಮ ಠಾಣೆಗೆ ಬಂದಳು.

"ನಮ್ಮ ಯಜಮಾನ್ರ ಹೆಸರು ಅದ್ರಾಗೈತಂತೆ ಸಾಮಿ. ಅದೊಂದು ತೆಗೆದು ಕೊಡ್ರಿ, ಮಿಕ್ಕಿದ್ದು ನೀವೇ ಇಟ್ಕಳ್ರಿ."

"ಕೋರ್ಟು ಹೇಳೋವರ್ಗೂ ನಾನೂ ಮುಟ್ಟಂಗಿಲ್ಲಮ್ಮ."

"ಅಲ್ಲಿವರ್ಗೂ ಅವ್ರು ತಡೀತಾರಾ?"

ಜಂಬುಲಿಂಗಪ್ಪ ಮುಂದಿದ್ದ ಕಾಗದ ಎಳೆದುಕೊಂಡರು. ರಿಮಾಂಡ್ ವರದಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ, 'ತಾನು ಮಾಡಿದ ತಪ್ಪನ್ನು ಸರಿಪಡಿಸುವುದು' ಎಂದು ಬರೆದು ಸಹಿ ಹಾಕಿದರು. ಲಾಕಪ್ಪಿನ ಒಳಗಿಂದ ಇಫ್ತಿಕಾರ್ ಎರ್ರಮ್ಮನಿಗೆ, ಅವ್ವಾ, ಒಂದೇ ತಾಸಿನ ಕೆಲಸ ಉಳಿದಿತ್ತು ಎಂದು ಅಳುತ್ತಿದ್ದ.