ಗುರುವಾರಕ್ಕೆ ವಾಪಸ್

ಬಾಗಿಲ ಅಗಳಿ ಒಳಗಿನಿಂದ ಬಿತ್ತು.

ಗಂಡನ ಮಣ್ಣಾದ ಮೂರನೆಯ ದಿನದ ಊಟ ಮುಗಿಸಿ ನೆಂಟರು ಹೋದ ಮರುದಿನ. ನಳಕ್ಕೆ ನೀರು ಬಂದಿತ್ತು. ನಾನು ಕೊಡ ತುಂಬುತ್ತಿದ್ದೆ. ತಿರುಗಿದರೆ ಅಂಬರೀಶ.

ದೇವದುರ್ಗದ ರೈಸ್‌ಮಿಲ್ ಮಾಲಕ. ನನ್ನ ಗಂಡ ಅನಿಲ ಓಡಿಸುತ್ತಿದ್ದ ರೇಸ್ ಬೈಕಿನ ಧಣಿ. ಹೊರಗೆ ಅವನ ಜೀಪು, ಜೀಪಿನಲ್ಲಿ ಇಬ್ಬರು. ರಾಯಚೂರಿನ ಈ ಎರಡು ಕೋಣೆಯ ಮನೆಗೆ ಹಿಂಬಾಗಿಲಿಲ್ಲ.

"ಆ ಆರ್ಮ್ ಎಲ್ಲಿ ಅದ, ತಂಗಿ?"

ಹಿಂದಿನ ಗಾಲಿಯನ್ನು ಹಿಡಿಯುವ ಕಬ್ಬಿಣದ ಕೈ ಅದು. ಡ್ರ್ಯಾಗ್ ರೇಸಿನಲ್ಲಿ ಮುಂದಿನ ಗಾಲಿ ಮೇಲೇಳದಂತೆ ಒಂದು ಗೇಣು ಉದ್ದ ಮಾಡಿದ್ದು. ಮಾನ್ವಿಯ ಮೆಕ್ಯಾನಿಕ್ ಶಾಮೀದಸಾಬರಿಂದ ಅನಿಲ ಎರವಲು ತಂದಿದ್ದ. ಗುರುವಾರ ವಾಪಸ್ ಅಂದಿದ್ದ.

ಅಂಬರೀಶ ಕಾಗದ ಬಿಡಿಸಿದ. ಶಾಮೀದಸಾಬ ಕೊಟ್ಟ ಆರ್ಮ್ ಓಟದಲ್ಲಿ ಮುರಿದು ಅನಿಲ ಸತ್ತ ಎಂದು ಟೈಪಾಗಿತ್ತು. ಕೆಳಗೆ ನನ್ನ ಹೆಸರು. ನಾನು ಸಹಿ ಮಾಡಿದರೆ ಶಾಮೀದಸಾಬರು ಜೈಲಿಗೆ... ಅಂಬರೀಶ ಮಿಲ್ಲಿಗೆ.

ಆರ್ಮ್ ಮುರಿದಿರಲಿಲ್ಲ; ಕೈಗೆ ಸಿಕ್ಕರೆ ಅವನೇ ಮುರಿದು ತೋರಿಸುವವನು. ಅನಿಲ ಬಿದ್ದಾಗ ಅದು ಬೈಕಿನಲ್ಲೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅನಿಲ ಓಪನ್ ಕ್ಲಾಸ್ ಗೆದ್ದಿದ್ದ. ಅಂಬರೀಶನಿಗೆ ಎರಡನೇ ಕಪ್ಪೂ ಬೇಕಾಯಿತು. ಅದೇ ಬೈಕನ್ನು ನೂರಾ ಅರವತ್ತೈದು ಸಿಸಿ ಕ್ಲಾಸಿಗೂ ಬರೆಸಿದ. ಅಲ್ಲಿ ಉದ್ದ ಆರ್ಮ್ ನಡೆಯುವುದಿಲ್ಲ. ಅರ್ಧ ಗಂಟೆ ಟೈಮು. ಅನಿಲ ಅದನ್ನು ಬಿಚ್ಚಿ ನನ್ನ ತೊಡೆಯ ಮೇಲಿಟ್ಟ. ಕಂಪನಿಯ ಗಿಡ್ಡ ಆರ್ಮ್ ಹಾಕಿ, ಚೈನ್ ಗಿಡ್ಡ ಮಾಡಿದ. ಅಷ್ಟರಲ್ಲಿ ಸವಾರರ ತೂಕಕ್ಕೆ ಹೆಸರು ಕೂಗಿದರು. ಅನಿಲ ಓಡಿದ.

ಚೈನಿನ ತುದಿ ಕೂಡಿಸಲು ಬಗ್ಗಿದ್ದು ಅಂಬರೀಶನ ಬೆನ್ನು.

ಓಟದ ಕೊನೆಯ ಗೆರೆ ಮುಟ್ಟುವ ಮೊದಲೇ ಚೈನ್ ಬಿಚ್ಚಿ ಗಾಲಿಗೆ ಸುತ್ತಿತು.

"ಸಹಿ ಮಾಡ್ತೀನ್ರಿ ಅಣ್ಣಾರ," ಎಂದೆ. "ಆರ್ಮೂ ಕೊಡ್ತೀನಿ. ಅನಿಲ ಈ ಗಾಡಿ ಚೈನ್ ಅರ್ಧಕ್ಕ ಬಿಟ್ಟಾನ. ನಾಳಿಯಿಂದ ನನಗ ಯರಗೇರಾಕ್ಕ ಡ್ಯೂಟಿ. ಕೂಡಿಸಿ ಕೊಡ್ರಿ."

ಪಡಸಾಲೆಯಲ್ಲಿ ನಮ್ಮ ಹಳೆಯ ಬೈಕ್ ನಿಂತಿತ್ತು. ಅವನು ಕುಕ್ಕರಗಾಲಲ್ಲಿ ಕೂತ. ನಾನು ಪೆನ್ನು ಹುಡುಕುವವಳಂತೆ ಹೋಗಿ ಮೊಬೈಲನ್ನು ಬೈಕಿನ ಕಡೆ ಮುಖ ಮಾಡಿ ಸಕ್ಕರೆ ಡಬ್ಬಿಗೆ ಒರಗಿಸಿದೆ. ವಿಡಿಯೋ ಕಾಲ್. ಸೌಂಡ್ ಪೂರ್ತಿ ಇಳಿಸಿದ್ದೆ.

"ಅವತ್ತೂ ನೀವ ಹಾಕಿದ್ರಲ್ಲ?"

"ನಾನ. ಎರಡ ನಿಮಿಷದ ಕೆಲಸ."

ಚೈನಿನ ತುದಿ ಕೂಡಿಸುವ ಲಾಕ್ ಮೀನಿನ ಆಕಾರದ ಸಣ್ಣ ತುಣುಕು. ಚೈನ್ ಓಡುವ ದಿಕ್ಕಿಗೆ ಮುಚ್ಚಿದ ತಲೆ ಇರಬೇಕು. ಸೀಳಿದ ಬಾಲ ಮುಂದಾದರೆ ಏನಾದರೂ ತಾಗಿ ಹಾರಿಹೋಗುತ್ತದೆ. ಮದುವೆಯಾದ ವಾರವೇ ಅನಿಲ ನನಗೆ ಕಲಿಸಿದ್ದ.

ಅಂಬರೀಶ ಟಕ್ ಎಂದು ಒತ್ತಿದ.

ಬಾಲ ಮುಂದೆ.

ನಾನು ಸೌಂಡ್ ಏರಿಸಿದೆ.

"ಉಲ್ಟಾ ಹಾಕೀರಿ, ಧಣಿ." ಶಾಮೀದಸಾಬರ ದನಿ. "ಗ್ಯಾರೇಜಿನಾಗ ಏಳು ಮಂದಿ ನೋಡಾಕತ್ತೀವಿ. ರೆಕಾರ್ಡೂ ಆಗಾಕತ್ತದ."

ಅಂಬರೀಶ ಫೋನ್ ನೋಡಿದ. ತನ್ನ ಬೆರಳಿನ ಗ್ರೀಸ್ ನೋಡಿದ.

"ಏನ್ ಬೇಕು ನಿನಗ?"

"ಅಗಳಿ ತಗೀರಿ."

ಮಾನ್ವಿ ಬಸ್ಸು. ಮಡಿಲಲ್ಲಿ ಗೋಣಿ ಸುತ್ತಿದ ಆರ್ಮ್. ಹಿಂದೆ ಜೀಪು... ನಿಂತಲ್ಲಿ ನಿಂತಿತು, ಓಡಿದಲ್ಲಿ ಓಡಿತು. ಕಲ್ಲೂರು ದಾಟಿದ ಮೇಲೆ ಕಾಣಲಿಲ್ಲ. ನಾನು ತಿರುಗಿ ನೋಡುವುದನ್ನು ಬಿಡಲಿಲ್ಲ.

ಶಾಮೀದಸಾಬರು ಗೋಣಿ ಬಿಚ್ಚಿ ವೆಲ್ಡಿಂಗ್ ಮೇಲೆ ಬೆರಳಾಡಿಸಿದರು. ಒಂದು ಬಿರುಕಿಲ್ಲ.

"ಇವತ್ತು ಯಾವ ವಾರವ್ವಾ?"

"ಗುರುವಾರ."

ಐದು ವರ್ಷದ ಸಂಸಾರ. ಅನಿಲ ತಂದ ಎರವಲು ಹೇಳಿದ ದಿನಕ್ಕೆ ವಾಪಸಾದದ್ದು ಇದೊಂದೇ.