ಪ್ರೀತಿಯಿಂದ, ಲೋರ್ನಾ ವೇಲ್

"ಇದು ಅವಳ ಸಹಿಯೇ ಅಲ್ಲ!" ಮದುವೆ ನೋಂದಣಿ ಕೌಂಟರಿನ ಹಿಂದಿದ್ದ ಮಿಸೆಸ್ ಟಟಲ್ ಅರ್ಜಿಯನ್ನು ನಮ್ಮತ್ತ ತಳ್ಳಿದಳು. "ಲೋರ್ನಾ ವೇಲ್ ಅಂತೆ! ಈ ವರ್ಷ ಆ ಹೆಸರು ಹೇಳ್ಕೊಂಡು ಬಂದವರಲ್ಲಿ ನೀನು ಮೂರನೆಯವಳು ಕಣಮ್ಮ."

ನನ್ನ ಪಕ್ಕದಲ್ಲಿದ್ದವಳು ನಿಜವಾಗಿಯೂ ಸಿನಿಮಾ ತಾರೆ ಲೋರ್ನಾ ವೇಲ್. ತಲೆಗೆ ಸ್ಕಾರ್ಫ್. ಮೂಗಿನ ಮೇಲೆ, ಸ್ಟುಡಿಯೊ ನಾಲ್ಕು ವರ್ಷ ಪೌಡರಿನಡಿ ಹೂತಿಟ್ಟಿದ್ದ ಕಂದು ಚುಕ್ಕೆಗಳು.

ಬೆಳಗ್ಗೆ ಐದಕ್ಕೆ ಮೇಕಪ್ ಕುರ್ಚಿಯಲ್ಲಿರಬೇಕಾದವಳು ನನ್ನ ಹಳೆಯ ಫೋರ್ಡ್ ಹತ್ತಿ ಅರಿಜೋನಾ ಗಡಿ ದಾಟಿದ್ದಳು. ಹನ್ನೆರಡಕ್ಕೆ ಸ್ಟುಡಿಯೊದವರು ರೇಡಿಯೊದಲ್ಲಿ ಅವಳ ನಿಶ್ಚಿತಾರ್ಥ ಸಾರಲಿದ್ದರು, ಅವಳನ್ನು ಕಂಡರಾಗದ ಹೀರೊ ಜೊತೆ. ಏಳಲು ಒಂದು ಮಾತ್ರೆ, ಮಲಗಲು ಒಂದು ಮಾತ್ರೆ, ಊಟಕ್ಕೆ ಬರೀ ಕೋಳಿ ಸಾರು; ಈಗ ಗಂಡನನ್ನೂ ಅವರೇ ಬಡಿಸುತ್ತಿದ್ದರು.

"ಮದುವೆಯಾದವಳಿಗೆ ನಿಶ್ಚಿತಾರ್ಥ ಮಾಡ್ಸೋಕೆ ಅವರಿಂದಲೂ ಆಗಲ್ಲ" ಅಂದಿದ್ದಳು ಕಾರಿನಲ್ಲಿ, ನನ್ನ ಭುಜಕ್ಕೊರಗಿ.

ಲೋರ್ನಾ ವೇಲ್ ಸ್ಟುಡಿಯೊ ಇಟ್ಟ ಹೆಸರು; ನಿಜವಾದ ಹೆಸರು ಬರಿ ಅಂತ ದಾರಿಯುದ್ದಕ್ಕೂ ಹೇಳಿದ್ದೆ. ಅಭ್ಯಾಸದ ಕೈ ಕೇಳಲಿಲ್ಲ. ಇಂಥ ಕಡೆಯಿಂದ ಸ್ಟುಡಿಯೊಗೆ ಒಂದು ಫೋನ್ ಹೋದರೆ ಸಾಕು, ಮದುವೆ ಮಾಡಿಸಬೇಕಾದ ಜಡ್ಜಿಗೆ ಅವರು ಹೇಳಿದಂತೆ ಹೊಟ್ಟೆನೋವು ಬರುತ್ತದಂತೆ. ಗೋಡೆ ಗಡಿಯಾರ ಹನ್ನೊಂದೂಕಾಲು.

ಮಿಸೆಸ್ ಟಟಲ್ ಗೋಡೆಯಿಂದ ಫ್ರೇಮು ಹಾಕಿದ ಲೋರ್ನಾ ಫೋಟೊ ಇಳಿಸಿದಳು. "ನಮ್ಮ ಯಜಮಾನರು ತೀರಿಹೋದಾಗ ಅವಳಿಗೆ ಕಾಗದ ಬರ್ದಿದ್ದೆ. ಕೈಯಾರೆ ಸಹಿ ಹಾಕಿ ಕಳಿಸಿದ್ಳು. ನೋಡು, ಇದು ಸಹಿ!"

ಫೋಟೊದ ಮೇಲೆ, 'ಪ್ರೀತಿಯಿಂದ, ಲೋರ್ನಾ ವೇಲ್'. ಕೊನೆಯಲ್ಲಿ ಹಕ್ಕಿ ಹಾರಿದಂಥ ಗೆರೆ.

ನನ್ನ ಕಿವಿ ಬಿಸಿಯಾಯಿತು. ಆ ಹಕ್ಕಿ ನನ್ನದು. ಸ್ಟುಡಿಯೊದ ಅಭಿಮಾನಿಗಳ ಪತ್ರ ವಿಭಾಗದಲ್ಲಿ ಅವಳ ಸಹಿ ಹಾಕುವುದೇ ನನ್ನ ಕೆಲಸ.

ಲೋರ್ನಾ ಫೋಟೊ ನೋಡಿದಳು. ಓರೆಗಣ್ಣಲ್ಲಿ ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಲು ತುಳಿದಳು.

"ಕ್ಷಮಿಸಿ ಅಮ್ಮ. ನಾನು ಓಪಲ್ ಕ್ರೆಯ್ಚಿ, ನೆಬ್ರಾಸ್ಕಾದವಳು. ಎಲ್ಲರೂ ಅವಳ ಹಾಗಿದ್ದೀಯ ಅಂತಾರೆ, ಅದಕ್ಕೇ ಒಂದು ತಮಾಷೆ..."

"ಹೋಲ್ತೀಯ, ಇಲ್ಲ ಅನ್ನಲ್ಲ. ಆದ್ರೆ ಅವಳ ಚಂದ ಎಲ್ಲಿಂದ ಬರ್ಬೇಕು?"

ಓಪಲ್ ನಕ್ಕಳು. ಯಾವ ಚಿತ್ರದಲ್ಲೂ ಕೇಳಿರದ, ಹೊಟ್ಟೆ ಹಿಡಿದುಕೊಂಡ ನಗು.

ಮಿಸೆಸ್ ಟಟಲ್ ಹೊಸ ಅರ್ಜಿ ತರಲು ಒಳಗೆ ಹೋದಳು.

"ಎಜ್ರಾ," ಓಪಲ್ ಪಿಸುಗುಟ್ಟಿದಳು, "ಅಷ್ಟು ಚಂದವಾಗಿ 'ಪ್ರೀತಿಯಿಂದ' ಅಂತ ಯಾರಿಗೆ ಬರೀತಿದ್ದೆ?"

"ನಿನಗೇ. ದಿನಕ್ಕೆ ಮುನ್ನೂರು ಸಲ. ವಿಳಾಸ ಮಾತ್ರ ಬೇರೆಯವರದು."

ಹೊಸ ಅರ್ಜಿ ಬಂದಾಗ ಅವಳು, ನಾಲಿಗೆ ಕಚ್ಚಿಕೊಂಡು ಶಾಲೆಯ ಹುಡುಗಿಯಂತೆ ಒಂದೊಂದೇ ಅಕ್ಷರ ಬರೆದಳು: ಓಪಲ್ ಕ್ರೆಯ್ಚಿ. ಕೊನೆಗೆ ಒಂದು ಹಕ್ಕಿ ಹಾರಿಸಿದಳು. ನನ್ನದನ್ನು ನೋಡಿ ಕಲಿತದ್ದು, ಸ್ವಲ್ಪ ಸೊಟ್ಟ.

ಜಡ್ಜಿಗೆ ಹೊಟ್ಟೆನೋವು ಬರಲಿಲ್ಲ. ಸಾಕ್ಷಿಗೆ ಮಿಸೆಸ್ ಟಟಲ್ಲೇ ನಿಂತಳು. ಅವಳು ಕೊನೆಯ ಮುದ್ರೆ ಒತ್ತುವಾಗ ಕೌಂಟರಿನ ಮೇಲಿದ್ದ ರೇಡಿಯೊ ಗರಗರ ಎಂದಿತು.

"ಕೇಳಿದ್ರಾ?" ಮಿಸೆಸ್ ಟಟಲ್ ಕೂಗಿದಳು. "ನಮ್ಮ ಲೋರ್ನಾಗೆ ನಿಶ್ಚಿತಾರ್ಥ! ಪುಣ್ಯವಂತೆ!"

"ದೇವರು ಅವಳನ್ನ ಚೆನ್ನಾಗಿಟ್ಟಿರಲಿ," ಅಂದಳು ನನ್ನ ಹೆಂಡತಿ. "ಅಮ್ಮ, ಇಲ್ಲಿ ಬೆಣ್ಣೆ ಹಾಕಿದ ಪ್ಯಾನ್‌ಕೇಕ್ ಎಲ್ಲಿ ಸಿಗುತ್ತೆ?"